ಹೇಳಿ ಹೊಡೆಯುವ ಏಟು

"ಏಟು ಎಲ್ಲಿಗೆ ಬೀಳುತ್ತದೆಂದು ಎದುರಿನವನಿಗೆ ಕೂಗಿ ಹೇಳಿ ಯಾಕೆ ಹೊಡೆಯಬೇಕು, ಗುರುಗಳೇ?"

ಕೇಳಿದವನು ಮಾಳಿಂಗ. ಗರಡಿಯಲ್ಲಿ ಅವನಿಗೆ ಇದು ನಾಲ್ಕನೆಯ ವರ್ಷ. ಆ ಗರಡಿಯ ದೊಣ್ಣೆವರಸೆಗೆ ಒಂದು ಕಟ್ಟುಪಾಡು ಇತ್ತು. ತಲೆಗೆ ಹೊಡೆಯುವವನು 'ತಲೆ' ಎಂದು ಕೂಗಬೇಕು. ಕಾಲಿಗೆ ಹೊಡೆಯುವವನು 'ಕಾಲು' ಎನ್ನಬೇಕು. ಕೂಗಿದ ಮೇಲೆಯೇ ದೊಣ್ಣೆ ಇಳಿಯಬೇಕು. ಅಂದು ಬೆಳಿಗ್ಗೆ ಮಾಳಿಂಗ ಕೂಗದೆ ಹೊಡೆದಿದ್ದ. ಜೊತೆಯವನಾದ ಸಿದ್ರಾಮನ ಬಲ ಮಣಿಕಟ್ಟು ಊದಿಕೊಂಡಿತ್ತು. ಗುರುಗಳು ಮಾಳಿಂಗನ ದೊಣ್ಣೆ ಇಸಿದುಕೊಂಡು ತಮ್ಮ ಮಗ್ಗುಲಲ್ಲಿ ಇಟ್ಟುಕೊಂಡಿದ್ದರು. ಅದು ತಿರುಗಿ ಸಿಗುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ.

"ನಾಲ್ಕು ವರ್ಷ ಕೂಗಿ ಹೊಡೆದೆ; ಸಿದ್ರಾಮನಿಗೆ ನನ್ನ ಏಟು ತಾಗಿದ್ದು ಇದೇ ಮೊದಲು" ಎಂದ ಮಾಳಿಂಗ.

ಗುರುಗಳು "ಕೂತ್ಕೋ" ಎಂದು ಕೂರಿಸಿ ಒಂದು ಕತೆ ಹೇಳತೊಡಗಿದರು.

ಒಬ್ಬ ಕಮ್ಮಾರನಿದ್ದ. ಅವನು ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿಯುತ್ತಿದ್ದ. ಅವನ ಹೆಂಡತಿ ದೊಡ್ಡ ಸುತ್ತಿಗೆ ಹೊಡೆಯುತ್ತಿದ್ದಳು. ಸುತ್ತಿಗೆ ಎತ್ತಿದಾಗಲೆಲ್ಲ "ಬಂತು" ಎಂದು ಕೂಗುವುದು ಅವಳ ರೂಢಿ. ದಿನಕ್ಕೆ ಸಾವಿರ ಏಟಾದರೆ ಸಾವಿರ ಕೂಗು.

ಕುಡುಗೋಲು ಮಾಡಿಸಲು ಬಂದ ಒಬ್ಬ ರೈತ ನಕ್ಕ. "ಏನಕ್ಕಾ, ಕಬ್ಬಿಣಕ್ಕೂ ಹೇಳಿ ಹೊಡೀತೀಯಲ್ಲ! ಎದ್ದು ಓಡಿಹೋದೀತು ಅಂತಲೇ?"

ಕುಲುಮೆಯ ಮುಂದೆ ಕೂತವರೆಲ್ಲ ನಕ್ಕರು. ಕಮ್ಮಾರನಿಗೆ ನಾಚಿಕೆಯಾಯಿತು. "ಬಾಯಿ ಮುಚ್ಕೊಂಡು ಹೊಡಿ" ಎಂದ. ಅವಳು ಒಂದು ಸಲ ಅವನ ಮುಖ ನೋಡಿದಳು. ಬಾಯಿ ಮುಚ್ಚಿದಳು.

ಎರಡು ದಿನ ಕೆಲಸ ನಡೆಯಿತು. ಮೂರನೆಯ ದಿನ ಕಾದ ಕಬ್ಬಿಣದ ಮೇಲೆ ಸುಟ್ಟ ಹೊಪ್ಪಳೆಯಂಥ ಕಿಟ್ಟ ಕಟ್ಟಿತ್ತು. ಕೂಗು ಕೇಳಲಿಲ್ಲವಾದ್ದರಿಂದ, ಅವಳು ದಣಿವಾರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡ ಕಮ್ಮಾರ. ಪೊರಕೆಕಡ್ಡಿಯಿಂದ ಕಿಟ್ಟ ಗುಡಿಸಿ ತೆಗೆಯಲು ಬಲಗೈ ಚಾಚಿದ. ಸುತ್ತಿಗೆ ಆಗಲೇ ಇಳಿಯುತ್ತಿತ್ತು. ಅವಳು ಅದನ್ನು ಗಾಳಿಯಲ್ಲೇ ತನ್ನ ಕಡೆಗೆ ಸೆಳೆದುಕೊಂಡಳು. ಅದು ಅವಳ ಪಾದದ ಮೇಲೆ ಬಿತ್ತು. ಎಲುಬು ಮುರಿಯಿತು.

ಕಮ್ಮಾರ ಅವಳ ಪಾದ ಹಿಡಿದು ಕೂತ. "ಆಗಲಾದರೂ ಕೂಗಬಾರದಿತ್ತೇನೇ?" ಎಂದು ಅತ್ತ.

ಅವಳು ಹಲ್ಲು ಕಚ್ಚಿಕೊಂಡೇ ಹೇಳಿದಳು. "ಕೈ ಕಂಡಮೇಲೆ ಕೂಗಿದ್ದರೆ ಕೈ ಹೋಗುತ್ತಿತ್ತು. ಅದಕ್ಕೇ ದಿನಾ ಮೊದಲೇ ಕೂಗುತ್ತಿದ್ದೆ. ಕಬ್ಬಿಣಕ್ಕಲ್ಲ ಕಣ್ರೀ, ನಿಮಗೆ."

ಮೂರು ತಿಂಗಳು ಅವಳು ಹಾಸಿಗೆಯಲ್ಲಿದ್ದಳು. ಅವನು ಅಡಿಗೆ ಮಾಡಿದ. ಸಾರಿಗೆ ಉಪ್ಪು ಹೆಚ್ಚಾದ ದಿನವೂ ಅವಳು ಬಿಡದೆ ಉಂಡಳು. ಆಮೇಲೆ ಕುಂಟುತ್ತಲೇ ಕುಲುಮೆಗೆ ಬಂದು ಸುತ್ತಿಗೆ ಹಿಡಿದಳು. ಹನ್ನೊಂದು ವರ್ಷ ಹೊಡೆದಳು. ಒಂದು ಏಟನ್ನೂ ಕೂಗದೆ ಹೊಡೆಯಲಿಲ್ಲ. ಯಾರಾದರೂ ನಕ್ಕರೆ ಕಮ್ಮಾರನೂ ನಗುತ್ತಿದ್ದ. "ಇನ್ನೂ ಜೋರಾಗಿ ಕೂಗೇ" ಎನ್ನುತ್ತಿದ್ದ.

ಒಂದು ದಿನ ಅವಳಿಗೆ ಜ್ವರ ಬಂತು. ಮಾರನೆಯ ದಿನ ಅವಳು ಇರಲಿಲ್ಲ. ಆ ಒಂದು ಏಟನ್ನು ಮಾತ್ರ ಅವಳು ಮುಂಚೆ ಕೂಗಿ ಹೇಳಲಿಲ್ಲ.

ಬೇರೆಯವರ ಸುತ್ತಿಗೆಯ ಕೆಳಗೆ ಕೈ ಇಡಲು ಕಮ್ಮಾರನಿಗೆ ಆಗಲಿಲ್ಲ. ಕುಲುಮೆ ಆರಿತು. ಅವನು ಬೇರೆ ಊರಿಗೆ ಹೋದ, ಬೇರೆ ಕೆಲಸ ಹಿಡಿದ. ಆದರೆ ಉಣ್ಣಲು ಕೂತಾಗ, ಮೊದಲ ತುತ್ತು ಎತ್ತುವ ಮುಂಚೆ, ಬಲಗೈಯನ್ನು ಒಂದು ಗಳಿಗೆ ನೋಡಿಕೊಳ್ಳುತ್ತಾನೆ. ಐದೂ ಬೆರಳು ಇವೆ. ಅವಳಿಗೆ ಕೈ ಮುಗಿದಂತೆ ಮನಸ್ಸಿನಲ್ಲಿ ಒಂದು ಮಾತು ಹೇಳುತ್ತಾನೆ. ಆಮೇಲೆ ಉಣ್ಣುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು.

ಮಾಳಿಂಗ ತಲೆ ಎತ್ತಿದ. ನಾಲ್ಕು ವರ್ಷದಿಂದ ಗುರುಗಳ ಪಂಕ್ತಿಯಲ್ಲೇ ಅವನ ಊಟ. ಎಲೆಯ ಮುಂದೆ ಕೂತು ಅವರು ತಮ್ಮ ಬಲಗೈ ನೋಡಿಕೊಳ್ಳುವುದನ್ನು ಅವನು ದಿನವೂ ಕಂಡಿದ್ದ. ಅದೇನೆಂದು ಒಮ್ಮೆಯೂ ಕೇಳಿರಲಿಲ್ಲ.

ಗುರುಗಳು ದೊಣ್ಣೆಯನ್ನು ಅವನ ಕಡೆಗೆ ಸರಿಸಿದರು. ಅವನು ಕೈ ಚಾಚಿದ.

"ಸಿದ್ರಾಮ ಇವತ್ತು ಯಾವ ಕೈಯಲ್ಲಿ ಉಂಡ, ವಿಚಾರಿಸಿದೆಯೇನಪ್ಪಾ?" ಎಂದರು.

ಚಾಚಿದ ಕೈ ಅಲ್ಲೇ ನಿಂತಿತು.