ಗೋಡೆ ನೆಕ್ಕಿದ ಕರು

"ಗುರುಗಳೇ, ತೀರಿಹೋದ ತಂಗಿಯ ಮಗಳನ್ನು ಎರಡು ವರ್ಷದಿಂದ ಸಾಕುತ್ತಿದ್ದೇನೆ. ಏನಾದರೂ ಬೇಕಾದಾಗ ಮಾತ್ರ ಅವಳು ನನ್ನ ಬಳಿ ಬರುತ್ತಾಳೆ. ಇದನ್ನು ಪ್ರೀತಿಯೆಂದು ನಂಬಲೇ?" ಎಂದು ಶಿಷ್ಯೆ ಕೇಳಿದಳು.

ಗುರುಗಳು ಹೇಳಿದರು:

ಒಬ್ಬ ರೈತನಲ್ಲಿ ತಬ್ಬಲಿ ಹೆಣ್ಣುಗರುವೊಂದಿತ್ತು. ಬೇರೆ ಹಸುವಿನ ಹಾಲು ಕುಡಿಸಿ ಅದನ್ನು ಉಳಿಸಿಕೊಂಡಿದ್ದ. ಅವನು ಹೊಲದಿಂದ ಬಂದೊಡನೆ ಕರು ಓಡಿಬಂದು ಅಂಗೈ ನೆಕ್ಕುತ್ತಿತ್ತು.

ಆರು ತಿಂಗಳು ತುಂಬುವಾಗ ಅದು ಪಕ್ಕದ ಮನೆಯ ಮಣ್ಣುಗೋಡೆಯನ್ನೂ ನೆಕ್ಕತೊಡಗಿತು. ಆ ಮನೆಯಾಕೆ ನಕ್ಕಳು: "ಏನಣ್ಣಾ, ನಿಮ್ಮಲ್ಲಿ ಹುಲ್ಲಿಲ್ಲವೇ? ಹೇಳಿದ್ದರೆ ಇನ್ನೊಂದು ಗೋಡೆ ಕಟ್ಟಿಸುತ್ತಿದ್ದೆವು."

ರೈತನಿಗೆ ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ ನೋವಾಯಿತು. ತನ್ನ ಕೈಯನ್ನು ನೆಕ್ಕುವ ನಾಲಿಗೆ ಕಂಡವರ ಗೋಡೆಗೂ ಹೋಗುವುದೇ? ಒಕ್ಕಣೆಯ ಎತ್ತುಗಳ ಬಾಯಿಗೆ ಕಟ್ಟುವ ಕುಕ್ಕೆಯನ್ನು ತಂದು ಕರುವಿಗೆ ಕಟ್ಟಿದ. ಮೇವು ನೀರಿನ ಹೊತ್ತಿಗೆ ಮಾತ್ರ ಬಿಚ್ಚುತ್ತಿದ್ದ.

ಕೆಲವು ವಾರಗಳಲ್ಲಿ ಕರುವಿನ ಕೀಲುಗಳು ಊದಿಕೊಂಡವು. ಒಂದು ಬೆಳಿಗ್ಗೆ ಅದು ಏಳಲಾರದೆ ಹೋಯಿತು.

ಪಶುವೈದ್ಯೆ ಬಂದು ಕುಕ್ಕೆಯನ್ನು ಬಿಚ್ಚಿದಳು. ಮಲಗಿದ್ದಂತೆಯೇ ಕರು ರೈತನ ಕೈ ನೆಕ್ಕಿತು.

"ನೋಡಿ ತಾಯಿ, ಬಾಯಿ ಕಟ್ಟಿದರೂ ನನ್ನನ್ನು ಮರೆತಿಲ್ಲ" ಎಂದ ರೈತ.

"ನಿನ್ನ ಕೈಯಲ್ಲಿ ಬೆವರಿದೆಯಪ್ಪಾ. ಕರುವಿಗೆ ಉಪ್ಪು ಬೇಕು. ಬೆಳೆಯುವ ಮೂಳೆ ಕೇಳುವುದೆಲ್ಲ ಬರಿಯ ಹುಲ್ಲಿನಲ್ಲಿ ಸಿಗುವುದಿಲ್ಲ. ಗೋಡೆಯಲ್ಲಿ ಅದು ಹುಡುಕುತ್ತಿದ್ದದ್ದೂ ಅದನ್ನೇ."

ಹೀಗೆಂದು ಖನಿಜ ಮಿಶ್ರಣದ ಪೊಟ್ಟಣವನ್ನು ಕೊಟ್ಟು, ದಿನಕ್ಕೊಂದು ಚಮಚದಂತೆ ಬೂಸಾದಲ್ಲಿ ಕಲಸಿ ತಿನ್ನಿಸಲು ತಿಳಿಸಿದಳು. ರೈತ ಪೊಟ್ಟಣವನ್ನು ಹಿಡಿದು ನಿಂತೇ ಇದ್ದ.

"ಹಾಗಾದರೆ ಇಷ್ಟು ದಿನ ಅದು ಬಂದದ್ದು ನನಗಾಗಿ ಅಲ್ಲವೇ?"

"ಮೊದಲು ಅದು ಎದ್ದು ನಿಲ್ಲಲಿ. ನಿನ್ನ ಮುನಿಸು ಆಮೇಲೆ."

ರೈತ ಒಂದು ದಿನವೂ ತಪ್ಪಿಸದೆ ತಿನ್ನಿಸಿದ. ಕರು ಮೊದಲು ಮುಂಗಾಲೂರಿತು, ಆಮೇಲೆ ನಿಂತಿತು, ನಡೆಯಿತು. ಗೋಡೆಯ ಕಡೆಗೆ ಮತ್ತೆ ಹೋಗಲಿಲ್ಲ. ರೈತ ಹೊಲದಿಂದ ಬಂದಾಗಲೂ ತಲೆಯೆತ್ತದೆ ಮೇಯುತ್ತಿತ್ತು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯೆಯ ಮುಖ ಬಾಡಿತು.

"ಅವನ ಕೈಯನ್ನೂ ಮರೆಯಿತೇ?"

"ಕರು ತಾನಾಗಿ ಬರಲಿಲ್ಲ, ತಾಯಿ. ಒಂದು ದಿನ ಮಿಂದು ಬಂದ ರೈತನೇ ಅದರ ಬಳಿ ಕುಳಿತು ಬರಿಗೈ ಚಾಚಿದ. ಆಗ ನೆಕ್ಕಿತು."