ಕಮ್ಮಾರನ ತುತ್ತು

"ಗುರುಗಳೇ, ಈ ಸತ್ತ ಕೈಯನ್ನು ಹೊತ್ತುಕೊಂಡು ಎಷ್ಟು ದಿನ ತಿರುಗಲಿ?" ಎಂದು ಶಿಷ್ಯ ಕೇಳಿದ.

ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋಗಿ ಮೂರು ತಿಂಗಳಾಗಿತ್ತು. ಜೊತೆಯವರೇ ತುತ್ತು ಕಲಸಿ ಬಾಯಿಗಿಡುತ್ತಿದ್ದರು. ಓಲೆ ಬರೆಯುವ ಕೆಲಸ ಇನ್ನು ತನ್ನಿಂದಾಗದು, ಮಠ ಬಿಟ್ಟು ಹೊರಡುತ್ತೇನೆ ಎಂದು ಅಪ್ಪಣೆ ಕೇಳಲು ಬಂದಿದ್ದ.

ಗುರುಗಳು ಹೇಳಿದರು:

ಒಬ್ಬ ಕಮ್ಮಾರನಿದ್ದ. ಮಹಾ ಜಂಬದವನು. 'ನನ್ನ ಏಟಿಗೆ ಬಗ್ಗದ ಕಬ್ಬಿಣ ಇನ್ನೂ ನೆಲದಿಂದ ಮೇಲೆ ಬಂದಿಲ್ಲ' ಎನ್ನುತ್ತಿದ್ದ. ಸುಳ್ಳೂ ಅಲ್ಲ. ಒಂದು ಬೆಳಗ್ಗೆ ಅವನಿಗೂ ಲಕ್ವ ಹೊಡೆಯಿತು. ಸುತ್ತಿಗೆ ಹಿಡಿಯುವ ಕೈ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು.

ವೈದ್ಯ ಬಂದು ನೋಡಿದ. 'ಕೈ ಕೆಟ್ಟಿಲ್ಲ. ತಲೆಯಿಂದ ಕೈಗೆ ಬರುವ ದಾರಿ ಕುಸಿದಿದೆ. ನಡೆಯುತ್ತಿದ್ದರೆ ಪಕ್ಕದಲ್ಲೇ ಬೇರೆ ಕಾಲುದಾರಿ ಬೀಳಬಹುದು. ನಡೆಯದಿದ್ದರೆ ಹುಲ್ಲು ಬೆಳೆಯುತ್ತದೆ' ಎಂದ. ಕಮ್ಮಾರನಿಗೆ ಅದೇನೂ ತಲೆಗೆ ಹೋಗಲಿಲ್ಲ.

ಊಟದ ಹೊತ್ತಿಗೆ ಹೆಂಡತಿ ಮುದ್ದೆ ಮುರಿದು ಬಾಯಿಗೆ ಹಿಡಿದಳು.

'ನಾನೇನು ಹಸುಗೂಸೇ?'

'ಹಾಗಾದರೆ ಎಡಗೈಯಲ್ಲಿ ಉಣ್ಣಿ.'

'ಎಡಗೈಯಲ್ಲಿ ಉಂಡ ಅಂತ ಊರೆಲ್ಲ ನಗಲಿಕ್ಕೆ? ಉಂಡರೆ ಬಲಗೈಯಲ್ಲೇ.'

ಎಡಗೈಯನ್ನು ತೊಡೆಯ ಕೆಳಗೆ ಒತ್ತಿಟ್ಟು ಕೂತ. ಮೊದಲ ದಿನ ಬಲಗೈಯ ಬೆರಳು ಮುದ್ದೆಯನ್ನು ಮುಟ್ಟಿತು, ಅಷ್ಟೆ. ಬಟ್ಟಲಿಗೆ ಬಾಯಿ ಹಚ್ಚಿ ಗಂಜಿ ಕುಡಿದು ಎದ್ದ. ತಿಂಗಳು ಕಳೆದ ಮೇಲೆ ತುತ್ತು ಎದೆಯವರೆಗೆ ಬರತೊಡಗಿತು. ಬಂದದ್ದು ಬೀಳುತ್ತಿತ್ತು. ಮನೆಯ ಕೋಳಿಗಳು ಅವನ ಊಟದ ಹೊತ್ತನ್ನು ಕಲಿತುಬಿಟ್ಟವು.

'ಊಟ ನಿಮಗೋ, ಕೋಳಿಗೋ?' ಎಂದಳು ಹೆಂಡತಿ.

'ಕೋಳಿಗಳೂ ನೋಡಲಿ, ಕಮ್ಮಾರನ ಕೈ ಎಂಥದ್ದು ಅಂತ!'

ಬಿತ್ತನೆ ಮುಗಿಯಿತು, ಪೈರು ತೆನೆಯಾಯಿತು. ಒಂದು ಮಧ್ಯಾಹ್ನ ಕೋಳಿಗಳು ಸುತ್ತ ನಿಂತು ಕಾದವು, ಕಾದವು. ಒಂದು ಚೂರೂ ಬೀಳಲಿಲ್ಲ. ಬೇಸತ್ತು ತಿಪ್ಪೆಗೆ ಹೋದವು.

ದೊಡ್ಡ ಸುತ್ತಿಗೆಯನ್ನು ಅವನು ಮತ್ತೆಂದೂ ಎತ್ತಲಿಲ್ಲ. ಆದರೆ ಆ ಸುಗ್ಗಿಗೆ ಊರಿನ ಅಷ್ಟೂ ಕುಡುಗೋಲಿಗೆ ಹಲ್ಲು ಹಾಕಿದ್ದು ಅವನ ಬಲಗೈಯ ಸಣ್ಣ ಸುತ್ತಿಗೆ.

ಕತೆ ನಿಂತಿತು. ಶಿಷ್ಯ ಒಪ್ಪದೆ ತಲೆಯಾಡಿಸಿದ. "ಅವನದು ಕಬ್ಬಿಣ ಬಡಿದ ಕೈ, ಗುರುಗಳೇ. ನನ್ನದು ಹೇಳಿದ ಮಾತು ಕೇಳುವುದಿಲ್ಲ."

"ಈ ಮೂರು ತಿಂಗಳಲ್ಲಿ ಅದಕ್ಕೆ ಎಷ್ಟು ಸಲ ಹೇಳಿ ನೋಡಿದ್ದೀಯಪ್ಪ?"

ಶಿಷ್ಯನ ಎಡಗೈ ಮೆಲ್ಲಗೆ ತೊಡೆಯ ಕೆಳಗೆ ಸರಿಯಿತು.