ತವರ ತಂದ ಮರಿದ್ಯಾವ

ಚಿಕ್ಕತಾಯಮ್ಮನಿಗೆ ಒಬ್ಬನೇ ಮಗ, ಮರಿದ್ಯಾವ. ಕೆಟ್ಟವನಲ್ಲ, ಸೋಮಾರಿಯಲ್ಲ, ಎದುರು ಮಾತಾಡೋನೂ ಅಲ್ಲ. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಅದೇ ಕಣ್ರೀ ತಾಪತ್ರಯ. ಒಲೆ ಮೇಲಿನ ಹಾಲು ನೋಡ್ಕೋ ಅಂದ್ರೆ, ಉಕ್ಕಿ ಚೆಲ್ಲಿ ಒಲೆ ಆರಿಹೋಗೋವರೆಗೂ ನೋಡ್ತಾನೇ ಕೂತಿರ್ತಿದ್ದ.

ಯಾವ ಕೆಲಸದಲ್ಲೂ ನಿಲ್ಲದ ಈ ಮಹಾರಾಯನನ್ನ ಅವ್ವ ಅವರಿವರ ಕೈಕಾಲು ಹಿಡಿದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿಗೆ ಸೇರಿಸಿದಳು. ಮೊದಲ ದಿನ ತಟ್ಟೆ ಹಿಡ್ಕೊಂಡು ಹೋದ, ಬಾಳೆಹಣ್ಣಿನ ರಸಾಯನ ಬಡಿಸ್ತಾರೆ ಅಂತ! ಅಲ್ಲಿನ ವಿಶಾಲಾಕ್ಷಿ ಮೇಡಂಗೋ ಕನ್ನಡದ ಹುಚ್ಚು. ಬಾಟ್ಲಿಯಲ್ಲಿರೋದನ್ನೆಲ್ಲ ಕನ್ನಡದ ಹೆಸರಲ್ಲೇ ಕೇಳೋರು. ನೆಟ್ಟಗೆ ಮಾಡಿದ್ರೆ ಕೆಲಸ ಖಾಯಂ, ಇಲ್ಲದಿದ್ರೆ ಮನೆಗೆ ಅಂದ್ರು.

ಮೊದಲು ಪಾದರಸ ತಗೊಂಡು ಬಾ ಅಂದ್ರು. ಇವನು ಪ್ರಿನ್ಸಿಪಾಲರ ಕೋಣೆಗೆ ನುಗ್ಗಿ, ಬೂಟು ಬಿಚ್ಚಿಸಿ, ಕಾಲು ತೊಳೆದು, ಆ ನೀರು ತಂದಿಟ್ಟ. ಕಂಡೋರ ಪಾದದ್ದಲ್ಲ ಮೇಡಂ, ದೊಡ್ಡವರದ್ದೇ ಅಂತ ಬೇರೆ ಅಂದ.

ಸಂಜೆ ಅವ್ವ ಹಣೆ ಚಚ್ಚಿಕೊಂಡಳು. ಅದು ಥರ್ಮಾಮೀಟರಿನೊಳಗೆ ಇರೋದಂತೆ ಕಣೋ, ಇನ್ನು ಯಾರ ಕಾಲಿನ ತಂಟೆಗೂ ಹೋಗಬೇಡ, ತಲೆ ಉಪಯೋಗಿಸು ಅಂದಳು. ಆಗಲಿ ಅಂದ.

ಮಾರನೇ ದಿನ ಮೇಡಂ ಗಂಧಕ ಕೇಳಿದ್ರು. ಇವನು ಪೂಜಾರಿ ಹತ್ರ ಗಂಧ ತೇಯಿಸ್ಕೊಂಡು ಬಂದ. ತಲೆ ಉಪಯೋಗಿಸಬೇಕಲ್ಲ? ಸಾಲಾಗಿ ಕೂತಿದ್ದ ಹುಡುಗರ ತಲೆಗೆಲ್ಲ ಬಳಿದ, ಕೊನೆಗೆ ಮೇಡಂ ತಲೆಗೂ. ಮೇಡಂ ಕೂದಲು ಒರೆಸ್ಕೊಳ್ತಾ, ಇನ್ನೊಂದು ಸಲ ಹಿಂಗಾದ್ರೆ ನೀನು ಮನೇಲೇ ಇರು ಅಂದ್ರು.

ಅವ್ವ ಅತ್ತೇಬಿಟ್ಟಳು.

"ನಾನು ಕಣ್ಮುಚ್ಚಿದ್ರೆ ನಿಂಗ್ಯಾರೋ ಅನ್ನ ಹಾಕ್ತಾರೆ?"

ಆಮೇಲೆ ಮೂಗು ಒರೆಸ್ಕೊಂಡು ಬುದ್ಧಿ ಹೇಳಿದಳು. ಕೇಳಿದ್ದು ಎಲ್ಲಿ ಸಿಗುತ್ತೆ ಅಂತ ವಿಚಾರಿಸು, ಎಷ್ಟು ದೂರ ಆದ್ರೂ ಸರಿ, ಹೋಗಿ ತಗೊಂಡೇ ಬಾ.

ಮಾರನೇ ದಿನ ಮೇಡಂ ಹೇಳಿದ್ದು ಇಷ್ಟೇ: "ತವರ ತಗೊಂಡು ಬಾ."

ಪಾತ್ರೆಗೆ ಕಲಾಯಿ ಹಾಕ್ತಾರಲ್ಲ, ಆ ತವರ. ನಿಮಗೆ ಗೊತ್ತು, ನನಗೆ ಗೊತ್ತು, ಅವನಿಗೆ ಗೊತ್ತಿರಬೇಕಲ್ಲ! ಮೇಡಂ ತವರು ಎಲ್ಲಿ ಅಂತ ಗೇಟಿನವನನ್ನ ವಿಚಾರಿಸಿದ. ಶಿರಾ ಅಂದ ಅವನು. ಇವನು ಬಸ್ಸು ಹತ್ತಿದ.

ಶಿರಾದಲ್ಲಿ ಮೇಡಂ ಅಪ್ಪ ಜಗಲಿ ಮೇಲೆ ಕೂತಿದ್ರು. ಮಗಳು ತಾನು ಮೆಚ್ಚಿದವನನ್ನ ಕಟ್ಕೊಂಡಳು ಅಂತ ಮಾತು ಬಿಟ್ಟಿದ್ದ ಮುದುಕರು. ಮೇಡಂ ತವರ ತಗೊಂಡು ಬಾ ಅಂದಿದಾರೆ, ನೀವೇ ಅಲ್ವಾ, ನಡೀರಿ ಅಂದ ಮರಿದ್ಯಾವ. ಮುದುಕರು ತಟ್ಟನೆ ಎದ್ದು ನಿಂತ್ರು. ಹಂಗಂದ್ಲಾ ನನ್ನ ಮಗಳು ಅಂತ ಟವಲಲ್ಲಿ ಕಣ್ಣೊರೆಸ್ಕೊಂಡು, ಚಪ್ಪಲಿ ಮೆಟ್ಟಿದ್ರು.

ಲ್ಯಾಬಿನ ಬಾಗಿಲಲ್ಲಿ ಅಪ್ಪನ್ನ ಕಂಡ ಮೇಡಂಗೆ ಅಳು ಬಂತು, ವಿಷಯ ತಿಳಿದ ಮೇಲೆ ನಗು ಬಂತು. ಎರಡೂ ಒಟ್ಟಿಗೇ ಬಂತು ಅನ್ನಿ.

"ನೀನು ಚಿನ್ನ ಕಣೋ ಮರಿದ್ಯಾವ!" ಅಂದ್ರು. ಕೆಲಸ ಖಾಯಂ, ನಾಳೆ ಬೆಳಗ್ಗೆ ಬಂದು ಸಹಿ ಹಾಕು, ತಪ್ಪಿಸಬೇಡ.

ಇವನ ಕಿವಿಗೆ ಬಿದ್ದಿದ್ದು ಚಿನ್ನ ಒಂದೇ. ಮನೆಗೆ ಬಂದು, ಚಿನ್ನ ಇದ್ರೆ ಏನ್ಮಾಡಬೇಕವ್ವಾ ಅಂದ. ಮುದ್ದೆ ತಿರುವುತ್ತಿದ್ದ ಅವ್ವ, ಬೀರೂಲಿಟ್ಟು ಬೀಗ ಹಾಕಬೇಕು, ಹಬ್ಬಕ್ಕೆ ಮಾತ್ರ ತೆಗೀಬೇಕು, ನಮಗೆಲ್ಲಿ ಬಂತು ಬಿಡು ಅಂದಳು.

ಬೆಳಗ್ಗೆ ಮಗ ಇಲ್ಲ. ಕಾಲೇಜಿನಿಂದ ಆಳು ಬಂದ, ಖಾಯಂ ಆಗಿದೆ, ಈಗಲೇ ಸಹಿ ಹಾಕಬೇಕು, ಎಲ್ಲಿ ಅವನು ಅಂತ. ಅವ್ವ ಖುಷಿಯಲ್ಲೂ ಗಾಬರಿಯಲ್ಲೂ ಕೆರೆ, ಬಾವಿ, ಬಸ್ ಸ್ಟ್ಯಾಂಡು ಎಲ್ಲ ಹುಡುಕಿ ಬಂದಳು. ಬೀರೂಗೆ ಒರಗಿದಾಗ ಒಳಗೆ ಯಾರೋ ಸೀನಿದ್ರು. ಪಕ್ಕದ್ಮನೆ ನಂಜಿ ಕೈಲಿ ಹೊರಗಿಂದ ಬೀಗ ಹಾಕಿಸಿ, ಕೀಲಿಯನ್ನ ಸಂದಿಯಿಂದ ಒಳಗೆ ಹಾಕಿಸ್ಕೊಂಡಿದ್ದ.

"ಕೆಲಸ ಸಿಕ್ಕಿದೆ, ಕೀಲಿ ಕೊಡೋ, ನಿನ್ನ ಕಾಲಿಗೆ ಬೀಳ್ತೀನಿ!" ಅಂತ ಅವ್ವ ಬೀರು ಗುದ್ದಿದಳು.

"ಮೆಲ್ಲಗೆ ಮಾತಾಡವ್ವಾ, ಕಳ್ಳರಿಗೆ ಕೇಳುತ್ತೆ. ಯುಗಾದಿಗೆ ತೆಗಿ."